ಹಿರೇಮಠ ಮೇಡಂ ಆರಿಸಿದ ಕಿತ್ತಳೆ ಪೆಟ್ಟಿಗೆ

ಹಿರೇಮಠ ಮೇಡಂ ಹೊಸ ರೇಡಿಯೊ ಆಯ್ಕೆ ಮಾಡುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಮಾರಲು ಬಂದವನು ಹೊಳೆಯುವ ಡಬ್ಬಿಯನ್ನು ಮೇಜಿನ ಮೇಲಿಟ್ಟು ಗುಂಡಿಗಳ ಗುಣಗಾನ ಮಾಡುತ್ತಿದ್ದರೆ, ಇವರು ಹೆಡ್‌ಫೋನ್ ಏರಿಸಿ, ಕಿಟಕಿ ತೆರೆಸಿ, ಸುಮ್ಮನೆ ಕೂತುಬಿಡುತ್ತಿದ್ದರು. ಜೋಗುಪಾಳ್ಯದ ಗಲ್ಲಿಯ ಆಟೊ, ಸೊಪ್ಪಿನವಳ ಕೂಗು, ಪಕ್ಕದ ವೆಲ್ಡಿಂಗ್ ಅಂಗಡಿಯ ಸದ್ದು ಎಲ್ಲ ಒಳಗೆ ನುಗ್ಗುತ್ತಿದ್ದವು. ಆ ಗದ್ದಲದಲ್ಲಿ ನಾವು ಒಬ್ಬೊಬ್ಬರಾಗಿ ಆಚೆ ಕೋಣೆಯಿಂದ ಮೈಕಿನಲ್ಲಿ ಮಾತಾಡಬೇಕು. ಇಂಗ್ಲಿಷಿನಲ್ಲಿ ಶುರು ಮಾಡಿದರೆ ಬೈಗುಳ ಗ್ಯಾರಂಟಿ.

"ಇಂಗ್ಲಿಷ್ ಬ್ಯಾಡ್ರಿ. ಹೆದರಿದ ಮನಷ್ಯಾಗ ಇಂಗ್ಲಿಷ್ ನೆನಪಿರೂದಿಲ್ಲ, ಅವ್ವನ ಮಾತು ಬರತೈತಿ. ಅದು ಈ ಡಬ್ಬ್ಯಾಗ ನೆಟ್ಟಗ ಕೇಳತೈತೋ ಇಲ್ಲೋ ನೋಡೂಣು."

ಗದಗಿನ ಹೆಣ್ಣುಮಗಳು. ಒಂಟಿ ಜೀವ. ಎರಡೇ ಎರಡು ಪುಟ್ಟ ವಿಮಾನಗಳಿದ್ದ ನಮ್ಮ ಕಂಪನಿಗೆ ರೇಡಿಯೊ ಎಂಜಿನಿಯರ್. ನಾನು ಸಾಮಾನು ತರಿಸುವ ಗುಮಾಸ್ತ. ಆಕೆ ಬೇಡವೆಂದು ವಾಪಸು ಕಳಿಸಿದ ರೇಡಿಯೊಗಳನ್ನು ಕಟ್ಟಿ ಕಟ್ಟಿ ನನ್ನ ಕೈ ಸೋತುಹೋಗಿತ್ತು. ಎದುರಿಗೆ ಗೊಣಗುವ ಧೈರ್ಯ ಮಾತ್ರ ನನಗಿರಲಿಲ್ಲ.

ನಮ್ಮ ಯಜಮಾನ ಸಂಪತ್ ಸಾರ್ ಹಲಸೂರಿನವರು, ಒಳ್ಳೆಯವರು, ಆದರೆ ಆತುರಗಾರರು. ಆಪತ್ತಿನ ಪೆಟ್ಟಿಗೆಯ ವಿಚಾರಕ್ಕೆ ಅವರಿಗೂ ಮೇಡಮ್ಮಿಗೂ ದೊಡ್ಡ ಜಗಳವೇ ಆಯಿತು. ವಿಮಾನ ಬಿದ್ದಾಗ ತಾನಾಗಿ ಕೂಗಿಕೊಳ್ಳುವ ಪೆಟ್ಟಿಗೆ ಅದು. ಹಳೇ ಥರದ್ದು ಬರೀ ಕೂಗುತ್ತದೆ. ಹತ್ತಿರ ಹಾರುವ ಯಾರಾದರೂ ಕಿವಿಗೊಟ್ಟಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೊಸದು ಹಾಗೆ ಕೂಗುವುದಲ್ಲದೆ, ಇಂಥವರ ವಿಮಾನ ಇಂಥಲ್ಲಿದೆ ಎಂದು ಉಪಗ್ರಹಕ್ಕೂ ತಿಳಿಸುತ್ತದೆ. ಆ ಸುದ್ದಿ ಹಿಡಿಯುವ ಕಚೇರಿಯವರು ನಾವು ಮೊದಲೇ ಬರೆಸಿಟ್ಟ ಫೋನಿಗೆ ಕರೆ ಮಾಡುತ್ತಾರೆ.

"ವಿಮಾನದಲ್ಲಿ ಎರಡೆರಡು ರೇಡಿಯೊ ಇದೆಯಲ್ಲ ಮೇಡಂ, ಹಳೇದೇ ಸಾಕು ಬಿಡಿ," ಎಂದರು ಸಂಪತ್ ಸಾರ್.

"ರೇಡಿಯೋಕ್ಕ ಮಾತಾಡೋ ಮನಷ್ಯಾ ಬೇಕ್ರೀ ಸರ. ಬಿದ್ದ ಮ್ಯಾಲೆ ಮಾತಾಡಾಕ ಆಗದಿದ್ರ?"

ಹೊಸ ಕಿತ್ತಳೆ ಬಣ್ಣದ ಪೆಟ್ಟಿಗೆಯೇ ಬಂತು. ಪೈಲಟ್ಟಿನ ಎದುರಿಗೊಂದು ಸ್ವಿಚ್ಚನ್ನೂ ಇಡಿಸಿದರು. ಅದಕ್ಕೆ ಮೊದಲು ನಮ್ಮ ಮೆಕ್ಯಾನಿಕ್ ಬಸು ಹಳೇ ಪೆಟ್ಟಿಗೆಯೊಂದನ್ನು ಆಟೊದಲ್ಲಿ ತರುವಾಗ, ಹಲಸೂರು ರಸ್ತೆಯ ಗುಂಡಿಗೆ ಅದು ವಿಮಾನವೇ ಬಿತ್ತೆಂದು ಎಚ್ಚರವಾಗಿ ಕೂಗತೊಡಗಿ, ವಿಮಾನ ನಿಲ್ದಾಣದವರು ಹುಡುಕಿಕೊಂಡು ನಮ್ಮ ಗಲ್ಲಿಗೇ ಬಂದಿದ್ದರು. ಬಸು ಗಾಬರಿಯಲ್ಲಿ ಸ್ವಿಚ್ಚು ತಿರುವಿ ತಿರುವಿ ಅವರ ಹುಡುಕಾಟವನ್ನೂ ಕೆಡಿಸಿದ್ದ. ಅವನೂ ಗದಗಿನವನೇ. ಅವನಿಗೆ ಮೇಡಂ ಊರ ಭಾಷೆಯಲ್ಲೇ ಮಂಗಳಾರತಿ ಎತ್ತಿದರು. ಅಂದಿನಿಂದ ಒಂದು ಕಟ್ಟಪ್ಪಣೆ: ಪೆಟ್ಟಿಗೆ ಕೂಗತೊಡಗಿದರೆ, ಹುಡುಕುವವರು ಬರುವ ತನಕ ಅದರ ಸ್ವಿಚ್ಚಿಗೆ ಯಾರೂ ಕೈ ಹಚ್ಚಕೂಡದು.

ಆ ದಿನ ಕ್ಯಾಪ್ಟನ್ ಫ್ರಾನ್ಸಿಸ್ ಕೋಲಾರದಾಚೆಯ ಗುಡ್ಡಗಳ ಫೋಟೊ ತೆಗೆಯುವ ಕೆಲಸಕ್ಕೆ ಹೋಗಿದ್ದರು. ಕ್ಯಾಮೆರಾ ನೋಡಿಕೊಳ್ಳಲು ಬಸು ಜೊತೆಗಿದ್ದ. ಮಧ್ಯಾಹ್ನ ಕಳೆಯುವ ಹೊತ್ತಿಗೆ ನಮ್ಮ ಆಫೀಸಿನ ರೇಡಿಯೊ ಕರಕರ ಎಂದಿತು. ಅದರ ಹತ್ತಿರವಿದ್ದವರು ಸಂಪತ್ ಸಾರ್. ಕೇಳಿಸಿಕೊಂಡು ನಗುತ್ತಾ ಎದ್ದು, "ಬಂದ್ಬಿಟ್ರಂತೆ, ಟೀ ಹೇಳು," ಎಂದರು. ಅಷ್ಟರಲ್ಲಿ ಶಿವಾಜಿನಗರದಿಂದ ಕ್ಯಾಪ್ಟನ್ ಹೆಂಡತಿ ಸ್ಟೆಲ್ಲಾ ಫೋನ್ ಮಾಡಿದರು. ಅವರಿಗೂ, "ಬಂದಾಯ್ತಮ್ಮ, ಇನ್ನೇನು ಮನೆಗೆ ಬರ್ತಾರೆ," ಎಂದುಬಿಟ್ಟರು.

ಟೀ ಆರಿತು. ವಿಮಾನದ ಸುದ್ದಿಯಿಲ್ಲ. ಕೆಳಗಿನ ವರ್ಕ್‌ಶಾಪಿನಿಂದ ಮೇಡಂ ಮೇಲೆ ಬಂದರು.

"ಯಾರು ಮಾತಾಡಿದ್ರು ಸರ?"

"ಬಸು."

"ಏನಂದ? ಅವ ಅಂದ ಹಂಗ ಹೇಳ್ರಿ."

"'ಬಂದಾತ್ರೀ ಮೇಡಂ' ಅಂದ. ಅಷ್ಟೇ, ಕಟ್ಟಾಯ್ತು."

ಮೇಡಂ ಒಮ್ಮೆ ರೇಡಿಯೊದತ್ತ ನೋಡಿದರು. "ಬಂದ್ರ ಅವ 'ಬಂದ್ವಿ' ಅಂತಾನ್ರೀ," ಎಂದರು ಮೆಲ್ಲಗೆ. "'ಬಂದ್ ಆತ್ರೀ' ಅಂದಾನ. ಎಂಜಿನ್ ನಿಂತೈತಿ."

ವಿಮಾನ ನಿಲ್ದಾಣದ ಟವರ್‌ಗೆ ಫೋನ್ ಮಾಡಿದರು. ಅಲ್ಲಿಗೂ ಕ್ಯಾಪ್ಟನ್ ದನಿಯ ಒಂದು ತುಂಡು ಮಾತ್ರ ಮುಟ್ಟಿತ್ತಂತೆ, ಯಾವ ವಿಮಾನವೆಂದು ಅವರು ಹುಡುಕುತ್ತಿದ್ದರು. ನಮಗಿದ್ದದ್ದು ಎರಡು ಫೋನು. ಒಂದನ್ನು ಮೇಡಂ ಟವರ್‌ಗೆ ಹಿಡಿದು ಕೂತರು. ಇನ್ನೊಂದು, ಆ ಪೆಟ್ಟಿಗೆಯ ಹೆಸರಿನಲ್ಲಿ ಬರೆಸಿಟ್ಟ ನಂಬರು. "ಅದನ್ನ ಯಾರೂ ಮುಟ್ಟಬ್ಯಾಡ್ರಿ," ಎಂದರು. ಸಂಪತ್ ಸಾರ್ ಕಿಟಕಿಯ ಸರಳು ಹಿಡಿದು ನಿಂತಿದ್ದರು. ಯಾರೂ ಅವರನ್ನು ಬೈಯಲಿಲ್ಲ. ಬೈದಿದ್ದರೆ ಅವರಿಗೆ ಎಷ್ಟೋ ಹಗುರಾಗುತ್ತಿತ್ತು.

ಫೋನ್ ಹೊಡೆದುಕೊಂಡಿತು. ಮೇಡಂ ಎತ್ತಿದರು. ಸ್ಟೆಲ್ಲಾ.

"ಮೇಡಂ, ಇನ್ನೂ ಬಂದಿಲ್ವಲ್ಲ ಇವ್ರು?"

"ಬಂದಿಲ್ಲ ತಂಗಿ. ನಾವು ತಪ್ಪು ಕೇಳಿದ್ವಿ. ಎಲ್ಲ್ಯೋ ಇಳದಾರ, ಎಲ್ಲಿ ಅಂತ ಗೊತ್ತಿಲ್ಲ. ಈ ಫೋನಿಗೇ ಸುದ್ದಿ ಬರಬೇಕು. ನೀ ಈಗ ಇಡವಾ."

ಗಂಡ ಬದುಕಿದ್ದಾನೋ ಇಲ್ಲವೋ ಎಂದು ಕೇಳುವವಳಿಗೆ ಫೋನ್ ಇಡು ಎನ್ನುವುದು! ಆದರೆ ಆಕೆ ಅಳಲಿಲ್ಲ. "ಇಡ್ತೀನಿ ಮೇಡಂ, ಮತ್ತೆ ಮಾಡಲ್ಲ," ಎಂದರಂತೆ. ಮಾಡಲೂ ಇಲ್ಲ.

ಬಿಸಿಲು ಗೋಡೆಯಿಂದ ಜಾರುತ್ತಿತ್ತು. ಕತ್ತಲಾದರೆ ಹುಡುಕುವುದು ಮರುದಿನಕ್ಕೇ ಎಂದು ನಮಗೆಲ್ಲ ಗೊತ್ತಿತ್ತು. ಕೊನೆಗೆ ಫೋನ್ ಬಂತು. ಉಪಗ್ರಹದ ಕಚೇರಿಯವರು. ಮೇಡಂ ಜಾಗದ ಗುರುತು ಬರೆದುಕೊಂಡು ನಕ್ಷೆಯ ಮೇಲೆ ಬೆರಳಿಟ್ಟರು: ಗುಡ್ಡಗಳ ನಡುವಿನ ಒಂದು ಬತ್ತಿದ ಕೆರೆ. ಪೊಲೀಸರಿಗೂ ತಿಳಿಸಿದ್ದಾಯಿತು.

"ಬದುಕಿದ್ದಾರಾ?" ಸಂಪತ್ ಸಾರ್ ನಕ್ಷೆಯ ಮೇಲೆ ಬಾಗಿದರು.

"ಎಲ್ಲಿ ಅನ್ನೂದಷ್ಟ ಹೇಳತೈತ್ರಿ ಅದು. ಹೊಡತಕ್ಕ ತಾನ ಚಾಲೂ ಆತೋ, ಯಾರರೆ ಸ್ವಿಚ್ ಒತ್ತಿದ್ರೋ, ಅದು ತಿಳಿಯೂದಿಲ್ಲ."

ಆ ದಾರಿಯಲ್ಲಿ ಹೋಗುವ ವಿಮಾನಗಳಿಗೆ ಆಪತ್ತಿನ ಚಾನೆಲ್ ಕೇಳಲು ಹೇಳಿರೆಂದು ಮೇಡಂ ಟವರ್‌ನವರನ್ನು ಬೇಡಿಕೊಂಡರು. ಸ್ವಲ್ಪ ಹೊತ್ತಿಗೆ ಉತ್ತರ ಬಂತು. ಕೂಗು ಕೇಳುತ್ತಿದೆ, ಆದರೆ ಪೆಟ್ಟಿಗೆ ಕೆಟ್ಟಂತಿದೆ: ನಿಲ್ಲುತ್ತದೆ, ಮತ್ತೆ ಕೂಗುತ್ತದೆ, ಮತ್ತೆ ನಿಲ್ಲುತ್ತದೆ.

ಮೇಡಂ ಕುರ್ಚಿ ತಳ್ಳಿ ಎದ್ದರು. "ಕೆಟ್ಟಿಲ್ರೀ! ಕೈ ಐತಿ ಅಲ್ಲಿ, ಕೈ ಆಡಾಕತ್ತೈತಿ! ಕೈ ಹಚ್ಚಬ್ಯಾಡ್ರಿ ಅಂತ ಬಡಕೊಂಡೆ, ಕೇಳ್ಯಾರೇನು ಹುಚ್ಚಪ್ಪಗೋಳು!" ಬೈಯುತ್ತಾ ಬೈಯುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡರು. ತನ್ನ ಅಪ್ಪಣೆ ಮೀರಿದ್ದಕ್ಕೆ ಅಷ್ಟು ಖುಷಿಪಟ್ಟ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಜೀಪು ಹತ್ತಿದೆವು. ಸಂಪತ್ ಸಾರ್ ಕೋಲಾರದ ದಾರಿಗೆಂದು ಕೆ.ಆರ್. ಪುರದ ಕಡೆ ತಿರುಗಿಸಹೋದರೆ, "ಮೊದಲ ಶಿವಾಜಿನಗರ," ಎಂದರು ಮೇಡಂ. ರಸೆಲ್ ಮಾರ್ಕೆಟ್ ಹಿಂದಿನ ಸಂದಿಯಲ್ಲಿ ಆ ಮನೆ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಎಷ್ಟು ಬಡಿದರೂ ತೆಗೆಯಲಿಲ್ಲ.

"ನಾನವಾ ಸ್ಟೆಲ್ಲಾ, ಹಿರೇಮಠ."

"ಬೇಡ ಮೇಡಂ. ತೆಗೆದ್ರೆ ನೀವು ಹೇಳಿಬಿಡ್ತೀರ."

"ಜಾಗಾ ಸಿಕ್ಕೈತಿ. ಅಲ್ಲಿ ಒಬ್ರು ಕೈ ಆಡಿಸಾಕತ್ಯಾರ. ಖರೇ."

ಬಾಗಿಲಾಚೆ ಚಿಲಕಕ್ಕೆ ಕೈ ತಾಗಿದ ಸದ್ದಾಯಿತು. ಆಮೇಲೆ, "ಯಾರ ಕೈ?"

ಮೇಡಂ ಹಣೆಯನ್ನು ಬಾಗಿಲಿಗೆ ಒತ್ತಿ ನಿಂತರು. ಸುಳ್ಳು ಹೇಳಲೆಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. "ಗೊತ್ತಿಲ್ಲ ತಂಗಿ," ಎಂದರು.

ಚಿಲಕ ಸರಿಯಿತು. ಸ್ಟೆಲ್ಲಾ ಚಪ್ಪಲಿ ಮೆಟ್ಟಿ ಬಂದು ಜೀಪಿನಲ್ಲಿ ಕೂತರು. ಕೋಲಾರದವರೆಗೂ ಮೇಡಮ್ಮಿನ ಕೈ ಹಿಡಿದೇ ಇದ್ದರು.

ಅದು ಬಸುವಿನ ಕೈ. ಚಾಲೂ ಇದೆಯೋ ಇಲ್ಲವೋ ಎಂದು ನೋಡುತ್ತಿದ್ದನಂತೆ, ಪುಣ್ಯಾತ್ಮ. ರಾತ್ರಿ ಅಲ್ಲೇ ಬಿದ್ದಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಕ್ಯಾಪ್ಟನ್ ಫ್ರಾನ್ಸಿಸ್ ಸೀಟಿನಲ್ಲೇ ತೀರಿಕೊಂಡಿದ್ದರು.

ಬಸು ಎಷ್ಟು ಸಲ ಕಾಲಿಗೆ ಬೀಳಹೋದರೂ ಮೇಡಂ ಬಿಡಲಿಲ್ಲ. ಫೋನ್ ಹೊಡೆದುಕೊಂಡರೆ ಬೆಚ್ಚಿ ಕೂರುತ್ತಿದ್ದರು. ಕೆಲವು ತಿಂಗಳಲ್ಲಿ ಕೆಲಸ ಬಿಟ್ಟು ಹೊರಮಾವಿನಲ್ಲಿ ಸಣ್ಣ ಮನೆ ಮಾಡಿದರು. ಅಲ್ಲಿ ಫೋನಿಲ್ಲ. ಊರಿಗೆಲ್ಲ ಮೊಬೈಲ್ ಬಂದ ಮೇಲೂ ಕೊಳ್ಳಲಿಲ್ಲ. "ನೆನಪಾದ್ರ ಬಂದು ಬಾಗಿಲಾ ಬಡೀರಿ, ಚಾ ಮಾಡತೇನಿ," ಎನ್ನುತ್ತಿದ್ದರು. ನಾನು ಆಗಾಗ ಹೋಗುತ್ತಿದ್ದೆ. ಆ ದಿನದ ಮಾತು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಹಳೇ ವಿಮಾನ ನಿಲ್ದಾಣ ಮುಚ್ಚಿದ ವರ್ಷ, ಆ ಸುದ್ದಿ ಹೇಳೋಣವೆಂದು ಒಂದು ಭಾನುವಾರ ಹೋಗಿ ಬಾಗಿಲು ಬಡಿದೆ. ಪಕ್ಕದ ಮನೆಯಾಕೆ ಹೊರಗೆ ಬಂದರು.

"ಅಜ್ಜಿ ಹೋಗಿ ವಾರದ ಮೇಲಾಯ್ತು ಸಾರ್. ಗದಗಿನಿಂದ ಯಾರೋ ಬಂದು ತಗೊಂಡ್ಹೋದ್ರು ಬಾಡೀನ. ನಿಮ್ಗೆ ಹೇಳೋಣಾಂದ್ರೆ ನಂಬರೇ ಇರ್ಲಿಲ್ಲ ನಮ್ಮತ್ರ."

ಕೇಳಿ ನನಗೆ ಮೊದಲು ಬಂದದ್ದು ಸಿಟ್ಟು, ಒಂದು ಫೋನೂ ಇಟ್ಟುಕೊಳ್ಳದ ಮೇಡಮ್ಮಿನ ಮೇಲೆ. ಪಕ್ಕದ ಮನೆಯಾಕೆ ಒಳಗೆ ಹೋದ ಮೇಲೆ, ಇನ್ನೊಂದು ಸಲ ಬಾಗಿಲು ಬಡಿದೆ.