ಒಮ್ಮೆ ಅತ್ತು ತೋರಿಸ್ರಿ ಮೇಡಂ

ಕಳೆದ ಭಾನುವಾರ ಕಾರಟಗಿಯ ಕಲ್ಯಾಣ ಮಂಟಪವೊಂದರಲ್ಲಿ, ವಿದೇಶಗಳಲ್ಲಿ ನಮ್ಮ ದೇಶದ ಪರವಾಗಿ ಕೆಲಸ ಮಾಡಿ ಬಂದ ರಾಜತಾಂತ್ರಿಕ ಅಧಿಕಾರಿಯೊಬ್ಬರಿಗೆ ಶಾಲು ಹೊದಿಸಿ, ಹಾರ ಹಾಕಿ, ಕೈಗೆ ಮೈಕ್ ಕೊಟ್ಟು ನಮ್ಮ ಜನ ಕೇಳಿದ್ದೇನು ಗೊತ್ತಾ?

"ಒಮ್ಮೆ ಅತ್ತು ತೋರಿಸ್ರಿ ಮೇಡಂ."

ದೇಶ ವಿದೇಶದ ಸುದ್ದಿ ಯಾರಿಗೂ ಬೇಡ. ವೀಸಾನೂ ಬೇಡ (ವೀಸಾ ಬೇಕಾದವರು ಊಟಕ್ಕೆ ಕೂತಾಗ ಪಕ್ಕದಲ್ಲೇ ಜಾಗ ಹಿಡಿದರು, ಅದು ಬೇರೆ ಮಾತು). ಎಲ್ಲರಿಗೂ ಅಳು ಬೇಕು!

ಈ ಅಧಿಕಾರಿ ನಮ್ಮ ನೀಲಾಂಬಿಕಾ. ಗಂಗಾವತಿಯ ನಮ್ಮ ಓಣಿಯ ಮೇಷ್ಟ್ರ ಮಗಳು, ಶಾಲೆಯಲ್ಲಿ ನನಗಿಂತ ಮೂರು ಕ್ಲಾಸ್ ಚಿಕ್ಕವಳು. ಕೊಪ್ಪಳ ಹೊಸದಾಗಿ ಜಿಲ್ಲೆಯಾಗಿದ್ದ ಕಾಲವದು. ಆನೆಗೊಂದಿಯ ಬಂಡೆಗಳ ಹತ್ತಿರ ಶೂಟಿಂಗ್‌ಗೆ ಬಂದ ಸಿನಿಮಾದವರು, ಅಜ್ಜಿಯ ಕೈ ಹಿಡಿದು ನೋಡುತ್ತ ನಿಂತಿದ್ದ ಇವಳನ್ನು ಕರೆದು ಕ್ಯಾಮೆರಾ ಮುಂದೆ ಕೂರಿಸಿದರು. ಕತೆಯಲ್ಲಿ ತಾಯಿ ಸತ್ತಿದ್ದಾಳೆ, ಮಗು ಅಳಬೇಕು. ಬೇರೆ ಮಕ್ಕಳಾಗಿದ್ದರೆ 'ಅಮ್ಮಾ' ಎಂದು ಕಿರುಚುತ್ತಿದ್ದರು. ಇವಳು ಹಾಡಿಕೊಂಡು ಅತ್ತಳು.

ನಮ್ಮ ಕಡೆ ಸಾವಿನ ಮನೆಯಲ್ಲಿ ಹೆಂಗಸರು ಹಾಗೇ ಅಳುವುದು. ಸತ್ತವರ ಗುಣ, ಅವರು ಬಡಿಯುತ್ತಿದ್ದ ರೊಟ್ಟಿ, ಕೊಡಿಸಿದ ಸೀರೆ, ಆಡಿದ ಜಗಳ, ಎಲ್ಲವನ್ನೂ ರಾಗ ಮಾಡಿ ಹೇಳಿಕೊಂಡು ಅಳುತ್ತಾರೆ. ನೀಲಾಳ ಅಜ್ಜಿ ಅದರಲ್ಲಿ ಎತ್ತಿದ ಕೈ. ಮೊಮ್ಮಗಳು ಅವಳ ಸೆರಗು ಹಿಡಿದು ಓಡಾಡಿ ಕಲಿತಿದ್ದಳು. ಸಿನಿಮಾ ಬಂದಾಗ ನಮ್ಮೂರಿನ ಟಾಕೀಸಿನಲ್ಲಿ ಹೆಂಗಸರೆಲ್ಲ ಇವಳ ಜೊತೆ ದನಿ ಎತ್ತಿ ಅತ್ತರು. ರಾತ್ರೋರಾತ್ರಿ ಬೇಬಿ ನೀಲಾ!

ಮುಂದೆ ನಾಲ್ಕೈದು ಸಿನಿಮಾ ಮಾಡಿದಳು. ಎಲ್ಲದರಲ್ಲೂ ಯಾರಾದರೂ ಸಾಯಬೇಕು, ಇವಳು ಅಳಬೇಕು. ಆಮೇಲೆ ಉದ್ದ ಬೆಳೆದಳು, ಸಿನಿಮಾದವರು ಮರೆತರು. ಧಾರವಾಡದ ಹಾಸ್ಟೆಲ್, ದೆಹಲಿಯ ಕೋಚಿಂಗ್, ಕೊನೆಗೆ ವಿದೇಶಾಂಗ ಸೇವೆ. ಗುಂಡು ಹಾರುತ್ತಿದ್ದ ಊರಿನಿಂದ ನಮ್ಮ ಹುಡುಗರನ್ನು ಬಸ್ಸಿಗೆ ಹತ್ತಿಸಿ ಗಡಿ ದಾಟಿಸಿದವಳು ಇವಳು. ಆದರೆ ಕಾರಟಗಿಯ ಫ್ಲೆಕ್ಸಿನಲ್ಲಿ ಇದ್ದದ್ದು ಎರಡು ಜಡೆ ಹಾಕಿಕೊಂಡು ಮೂಗು ಸುರಿಸುತ್ತಿದ್ದ ಪುಟ್ಟ ಹುಡುಗಿಯ ಫೋಟೊ.

ಸರಿ, ನಾನು ಅಲ್ಲಿಗೆ ಯಾಕೆ ಹೋಗಿದ್ದೆ? ಸನ್ಮಾನ ನೋಡುವುದಕ್ಕಂತೂ ಅಲ್ಲ.

ನನ್ನ ಮಗಳು ಸಾನ್ವಿಗೆ ಒಂಬತ್ತು ವರ್ಷ. ಹುಬ್ಬಳ್ಳಿಯಲ್ಲಿ ಆಡಿಷನ್ ಕೊಟ್ಟು ಟಿವಿ ಧಾರಾವಾಹಿಯೊಂದಕ್ಕೆ ಸೆಲೆಕ್ಟ್ ಆಗಿದ್ದಳು. ಶಾಲೆ ಬಿಡಿಸಿ ಬೆಂಗಳೂರಿಗೆ ಕರೆದುಕೊಂಡು ಹೋಗಬೇಕಿತ್ತು. ಸೋಮವಾರ ಬೆಳಿಗ್ಗೆ ಫೋನ್ ಮಾಡುತ್ತೇವೆ, ಎಸ್ ಅಥವಾ ನೋ ಹೇಳಿಬಿಡಿ ಅಂದಿದ್ದರು. ಒಂದು ವಾರದಿಂದ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಒಲೆ ಮೇಲಿಟ್ಟ ಹಾಲು ಮರೆತು ದಿನಾ ಉಕ್ಕಿಸುತ್ತಿದ್ದೆ. ಯಜಮಾನರದ್ದು ಒಂದೇ ಮಾತು, ಮಗಳ ಲೈಫ್ ಸೆಟ್ ಆಯಿತು ಅಂತ. ಅತ್ತೆಯದೂ ಒಂದೇ ಮಾತು, ದೀಪ ಹಚ್ಚುವ ಹೊತ್ತಿಗೆ ಈ ಹುಡುಗಿ ಕನ್ನಡಿ ಮುಂದೆ ಅಳೋದು ಮನೆಗೆ ಛಲೋ ಅಲ್ಲ ಅಂತ. ಇಬ್ಬರ ನಡುವೆ ನಾನು. ಈ ದಾರಿ ನಡೆದು ಬಂದವಳನ್ನೇ ಕೇಳೋಣ ಎಂದು ಬಸ್ ಹತ್ತಿದ್ದೆ.

ವೇದಿಕೆಯ ಮೇಲೆ ನೀಲಾ ಅಳಲಿಲ್ಲ. ಕೈ ಮುಗಿದಳು, ನಕ್ಕಳು, ಇವತ್ತು ಒಳ್ಳೆಯ ದಿನ, ಅಳು ಯಾಕೆ ಎಂದು ಮಾತು ತೇಲಿಸಿದಳು. ಸಭೆ ಸಪ್ಪಗಾಯಿತು. ನನ್ನ ಪಕ್ಕದಲ್ಲಿದ್ದ ಮುದುಕಿ, ನೀಲಾಗೆ ದೂರದ ಸಂಬಂಧವಂತೆ, ಬಾಯಿಗೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಹೇಳಿದಳು. "ಸ್ವಂತ ಅಜ್ಜಿ ಸತ್ತಾಗ ಒಂದು ಹನಿ ಹಾಕಲಿಲ್ಲ ಈಕಿ. ಈಗ ಅಳ್ತಾಳೇನು?"

ಊಟವಾದ ಮೇಲೆ ನೀಲಾಳನ್ನು ಹಿಡಿದೆ. ಮಗಳ ವಿಷಯ ಒಂದೇ ಉಸಿರಿಗೆ ಹೇಳಿದೆ. ಸುಧಕ್ಕ, ಎರಡೂ ಕಡೆ ಲಾಭ ಇದೆ, ಎರಡೂ ಕಡೆ ನಷ್ಟ ಇದೆ, ಮಗುವಿನ ಇಷ್ಟಾನೂ ನೋಡು ಎಂದಳು. ನನಗೆ ಮೈಯೆಲ್ಲ ಉರಿಯಿತು. ಜಂಟಿ ಪತ್ರಿಕಾ ಹೇಳಿಕೆ ಕೇಳಲು ಗಂಗಾವತಿಯಿಂದ ಬಸ್ಸಿನಲ್ಲಿ ನಿಂತುಕೊಂಡು ಬರಬೇಕಿತ್ತಾ?

ನನ್ನ ಮುಖ ನೋಡಿ ಅವಳೇ ಕೇಳಿದಳು, ಸಾನ್ವಿಯದು ಎಂಥ ಪಾರ್ಟ್ ಎಂದು. ಮೊದಲನೇ ಎಪಿಸೋಡಿನಲ್ಲೇ ತಾಯಿ ಸಾಯುತ್ತಾಳೆ ಎಂದೆ. ಅವಳ ನಗು ನಿಂತಿತು.

"ಅಕ್ಕ, ಪ್ರತಿ ಟೇಕ್‌ಗೂ ಡೈರೆಕ್ಟರ್ ನನ್ನ ಕಿವ್ಯಾಗ ಒಂದs ಹೇಳೋರು. ನಿಮ್ಮಜ್ಜಿ ಸತ್ತಾಳ ಅಂತ ತಿಳ್ಕೋ ಅಂತ. ತಿಳ್ಕೊಂಡು ಅಳತಿದ್ದೆ. ಅಜ್ಜಿ ಅಲ್ಲೇ ಗಿಡದ ಕೆಳಗ ಶೇಂಗಾ ಉಂಡಿ ಡಬ್ಬಿ ಹಿಡ್ಕೊಂಡು ಕುಂತಿರ್ತಿದ್ಲು."

ಸಿನಿಮಾ ಬದಲಾದರೂ, ಡೈರೆಕ್ಟರ್ ಬದಲಾದರೂ ಉಪಾಯ ಅದೇ. ಅಳು ಮುಗಿದ ಕೂಡಲೇ ಎಲ್ಲರೂ ಚಪ್ಪಾಳೆ ಹೊಡೆಯುತ್ತಿದ್ದರು, ಇವಳು ಓಡಿಹೋಗಿ ಅಜ್ಜಿಯ ತೊಡೆಯ ಮೇಲೆ ಕೂತು ಉಂಡೆ ತಿನ್ನುತ್ತಿದ್ದಳು.

ಅಜ್ಜಿ ನಿಜವಾಗಿ ತೀರಿಕೊಂಡಾಗ ಇವಳು ಹೊರದೇಶದಿಂದ ವಿಮಾನ ಬದಲಿಸಿ ಬದಲಿಸಿ ಬಂದಳಂತೆ. ಹೆಂಗಸರು ಹೆಣದ ತಲೆಯ ಹತ್ತಿರ ಇವಳಿಗೆಂದೇ ಜಾಗ ಬಿಟ್ಟು ಕಾಯುತ್ತಿದ್ದರು. ಬೇಬಿ ನೀಲಾ ಬಂದಳು, ಇನ್ನು ಕೇಳಬೇಕು ಇವಳ ಅಳು! ಕೆಲವರು ಮೊಬೈಲ್ ಕೂಡ ಹಿಡಿದಿದ್ದರು.

"ಬಾಯಿ ತೆಗದೆ. ರಾಗ ಬಂತು. ಆದ್ರ ಅದು ಸಿನಿಮಾದ್ದು. ಬಾಯಿ ಮುಚ್ಕೊಂಡೆ." ಹೆಗಲ ಮೇಲಿದ್ದ ಶಾಲನ್ನು ತೆಗೆದು ಮಡಚಿದಳು. "ಸಣ್ಣಾಕಿ ಇದ್ದಾಗ ಅಜ್ಜಿನ್ನ ಎಷ್ಟೋ ಸಲ ಸಾಯಿಸಿದ್ದೆ ಅಕ್ಕ. ಖರೇ ಸತ್ತಾಗ ಆಕಿಗೆ ಅಂತ ಒಂದು ಅಳು ಉಳಿದಿದ್ದಿಲ್ಲ."

ಅಷ್ಟರಲ್ಲಿ ಯಾರೋ ಸೆಲ್ಫಿಗೆ ಕರೆದರು. ಎದ್ದು ನಿಂತಳು. ನಗು ತಟ್ಟನೆ ಮುಖಕ್ಕೆ ಬಂತು.

ಬಸ್ಸಿನಲ್ಲಿ ಬರುವಾಗ ಸಿದ್ದಾಪುರ ಯಾವಾಗ ದಾಟಿತೋ ಗೊತ್ತಾಗಲಿಲ್ಲ. ಮನೆಗೆ ಬಂದರೆ ಸಾನ್ವಿ ಕನ್ನಡಿ ಮುಂದೆ ನಿಂತಿದ್ದಳು, ಕೆನ್ನೆಯ ಮೇಲೆ ದಳದಳ ನೀರು. ನನ್ನನ್ನು ನೋಡಿದ ಕೂಡಲೇ ಒರೆಸಿಕೊಂಡು, ಹೇಗಿತ್ತು ಎಂದು ಕೇಳಿದಳು. ಚೆನ್ನಾಗಿತ್ತು, ಅಷ್ಟು ಕಣ್ಣೀರು ಎಲ್ಲಿಂದ ತರುತ್ತೀ ಎಂದೆ.

"ಆಡಿಷನ್ ಅಂಕಲ್ ಹೇಳಿಕೊಟ್ಟಾರ. ನೀ ಸತ್ತಿ ಅಂತ ತಿಳ್ಕೋತೀನಿ ಮಮ್ಮಿ. ಮೊದಲ ಭಾಳ ಹೊತ್ತು ಹಿಡೀತಿತ್ತು, ಈಗ ಲಗೂನ ಬರ್ತಾವ."

ಅವಳ ತಪ್ಪೇನಿದೆ? ಹೇಳಿಕೊಟ್ಟದ್ದನ್ನು ಕಲಿತಿದ್ದಾಳೆ, ಜಾಣೆ. ಅವಳನ್ನು ಎಳೆದು ಅಪ್ಪಿಕೊಂಡೆ. ಮಮ್ಮಿ ಬಿಡು, ಮೇಕಪ್ ಹೋಗುತ್ತದೆ ಎಂದು ಕೊಸರಿಕೊಂಡಳು.

ಸೋಮವಾರ ಫೋನ್ ಬಂತು. ಆಗಲ್ಲ ಎಂದುಬಿಟ್ಟೆ. ಯಜಮಾನರು ಟಿಫಿನ್ ಬಿಟ್ಟು ಎದ್ದುಹೋದರು. ಸಾನ್ವಿ ನೆಲದ ಮೇಲೆ ಬಿದ್ದು, ಕಾಲು ಬಡಿದು, ಸಿಂಬಳ ಸುರಿಸಿ, ಅಡ್ಡಾದಿಡ್ಡಿಯಾಗಿ ಅತ್ತಳು. ಅದನ್ನು ನೋಡಿದ್ದರೆ ಯಾವ ಡೈರೆಕ್ಟರೂ ಓಕೆ ಅನ್ನುತ್ತಿರಲಿಲ್ಲ. ನಾನು ತಪ್ಪು ಮಾಡಿದೆನಾ? ಗೊತ್ತಿಲ್ಲ, ಇವತ್ತೂ ಹಾಲು ಉಕ್ಕಿದೆ.

ಅವತ್ತು ಫೋನಿನಲ್ಲಿದ್ದ ಹುಡುಗಿ ಮಾತ್ರ ಬಿಡಲಿಲ್ಲ, ಇಂಥ ಚಾನ್ಸ್ ಬೇಡ ಅನ್ನೋಕೆ ಕಾರಣ ಏನು ಮೇಡಂ ಎಂದು ಪಟ್ಟು ಹಿಡಿದು ಕೇಳಿದಳು.

"ನಾ ಇನ್ನೂ ಜೀವಂತ ಅದೀನ್ರಿ" ಎಂದೆ.