ಅಮಾವಾಸ್ಯೆಗೆ ಮುರಿದ ಬೋಲ್ಟು

ನಿಜಾಮರ ಆಡಳಿತ ಹೋಗಿ, ಹೊಸ ಸರ್ಕಾರದ ಕಚೇರಿಗಳು ಇನ್ನೂ ಮೇಜು ಕುರ್ಚಿ ಜೋಡಿಸಿಕೊಳ್ಳುತ್ತಿದ್ದ ಕಾಲ. ಶಹಾಪುರದ ಹತ್ತಿ ಯಾದಗಿರಿಯ ರೈಲು ಮುಟ್ಟಲು ಲಾರಿ ಬೇಕು. ನನ್ನ ಕಾಕಾನ ಹತ್ತಿರ ಮಿಲಿಟರಿಯವರು ಯುದ್ಧ ಮುಗಿದ ಮೇಲೆ ಮಾರಿದ ಹಳೆಯ ಲಾರಿಯೊಂದಿತ್ತು. ಉರ್ದುವಿನಲ್ಲಿದ್ದ ಅದರ ಪರವಾನಗಿಯನ್ನು ಹೊಸದಾಗಿ ಬರೆಸಬೇಕಿತ್ತು. ಸೋಮವಾರ ಮಧ್ಯಾಹ್ನದೊಳಗೆ ಲಾರಿ ತಂದು ತೋರಿಸಬೇಕು, ಡ್ರೈವರ್ ಕೂರುವಲ್ಲಿಗೆ ಹೊಗೆ ಬರಕೂಡದು ಎಂದು ಪರವಾನಗಿ ಕೊಡುವ ಯಾದಗಿರಿಯ ಸಾಹೇಬರು ಹೇಳಿದ್ದರು. ತಪ್ಪಿದರೆ ಆ ವರ್ಷದ ಹತ್ತಿ ಬೇರೆಯವರ ಲಾರಿಗೆ.

ಹೊಗೆ ನುಗ್ಗುತ್ತಿದ್ದುದು ಮ್ಯಾನಿಫೋಲ್ಡಿನಿಂದ, ಅಂದರೆ ಎಂಜಿನ್ನಿನ ಮಗ್ಗುಲಿಗೆ ಆರು ಬೋಲ್ಟುಗಳಿಂದ ಕಚ್ಚಿಕೊಂಡ ಎರಕದ ಕೊಳವೆಯಿಂದ. ಅದನ್ನು ಬಿಚ್ಚಿ ಒಳಗಿನ ಸುಟ್ಟ ಪ್ಯಾಕಿಂಗು ಬದಲಿಸಬೇಕಿತ್ತು. ಭಾನುವಾರ ಬೆಳಗ್ಗೆ ಶಹಾಪುರದ ಮಿಸ್ತ್ರಿ ಆರಕ್ಕೂ ಚಿಮಣಿ ಎಣ್ಣೆ ಹನಿಸಿ ಕೈ ತೊಳೆದುಕೊಂಡ.

"ಇವತ್ತ ಅಮಾಸಿ. ಪಾನಾ ಹಿಡಿಯಂಗಿಲ್ರಿ ಸಾವಕಾರ್ರ. ನಾಳಿ ಮುಂಜಾನಿ ತಾಸಿನ್ಯಾಗ ಬಿಚ್ಚತೀನಿ."

ಕಾಕಾ ತಲೆಯಾಡಿಸಿದ. ನಾನು ಬಿಡಲಿಲ್ಲ. ಕಲಬುರ್ಗಿಯ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನ್ನನ್ನು ಯಾರೂ ಸುಮ್ಮನಾಗಿಸಿರಲಿಲ್ಲ.

"ಅಮಾಸಿ ಚಂದ್ರಗ ರೀ, ಬೋಲ್ಟಿಗಲ್ಲ. ರೈಲೂ ಕಬ್ಬಿಣದ್ದ ಅದ. ಇವತ್ತ ಓಡಾಕತ್ತಿಲ್ಲೇನು?"

"ಓಡ್ಲಿ ಬಿಡ್ರಿ ವಕೀಲ್ ಸಾಬ್. ರೈಲಿಗಿ ಮನ್ಯಾಗ ಯಾರ ಹೋಳಗಿ ಮಾಡ್ಯಾರ?" ಎಂದು ನಕ್ಕು ಅವನು ಮನೆಗೆ ಹೋದ.

ಉಳಿದವನು ಕಾಕಾ. ನಾಳೆಯೂ ಬೋಲ್ಟು ಬಾರದಿದ್ದರೆ? ಮಿಸ್ತ್ರಿಗೆ ಜ್ವರ ಬಂದರೆ? ಒಂದೊಂದೇ ಪ್ರಶ್ನೆ ಎಸೆದೆ. ಕಾಕಾನಿಗೆ ಲಾರಿ ಗೊತ್ತು, ವಾದ ಗೊತ್ತಿಲ್ಲ. ಕೊನೆಗೆ ಸೀಟಿನ ಕೆಳಗಿನಿಂದ ಬೋಲ್ಟು ತಿರುಗಿಸುವ ತನ್ನ ಪಾನಾ ತೆಗೆದು ಕೊಟ್ಟ.

ಮೊದಲನೆಯದು ಕಿರುಚುತ್ತ ಬಂತು. ಎರಡನೆಯದೂ ಬಂತು.

"ನೋಡಿದಿ ಕಾಕಾ? ಅಮಾಸಿ ಎಲ್ಲದ?"

ಮೂರನೆಯದು ಮಿಸುಕಲಿಲ್ಲ. ಪಾನಾ ಜಾರಿ ನನ್ನ ಬೆರಳ ಗೆಣ್ಣಿನ ಚರ್ಮ ಎದ್ದಿತು. ಸುತ್ತಿಗೆಯಿಂದ ಬಡಿದೆ, ಬೈದೆ, ಮತ್ತೆ ಜಾರಿತು. ಸಿಟ್ಟಿಗೆ ಪಾನಾದ ಹಿಡಿಗೆ ಉದ್ದನೆಯ ಪೈಪು ತೂರಿಸಿ ಮೈಭಾರವೆಲ್ಲ ಹಾಕಿದೆ. ಮೆತ್ತಗೆ ಸಡಿಲಾಯಿತು. "ಬಂತು!" ಎಂದೆ. ಬಂದದ್ದು ಬೋಲ್ಟಿನ ತಲೆ ಮಾತ್ರ. ಉಳಿದದ್ದು ಎಂಜಿನ್ನಿನೊಳಗೇ ಇತ್ತು.

ಕಾಕಾ ಪಾನಾ ಒರೆಸಿ ಸೀಟಿನ ಕೆಳಗಿಟ್ಟ. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಸೋಮವಾರ ಬೆಳಗ್ಗೆ ಮಿಸ್ತ್ರಿ ಬಾಗಿ ನೋಡಿದ. ಅವನು ಬಾಯಿ ತೆರೆಯುವ ಮೊದಲೇ ನಾನು, "ಅಮಾಸಿಗಿ ಮುರೀತು ಅಂತ ಹೇಳಬ್ಯಾಡ್ರಿ ಮತ್ತ" ಎಂದೆ.

"ಅಮಾಸಿ ಏನ ಮಾಡತದರಿ? ನೀವ ಒಂದ ಕಡೀಗೇ ಜಗ್ಗೀರಿ. ಜರಾ ಬಿಚ್ಚಬೇಕು, ತಿರುಗಿ ಬಿಗೀಬೇಕು, ಮತ್ತ ಬಿಚ್ಚಬೇಕು. ಅದಕ್ಕೂ ಮೊದಲ ಎಣ್ಣಿ ಒಳಗ ಇಳೀಬೇಕು. ಒಂದ ದಿನಾ ಹಿಡೀತದ."

"ಹಂಗಂತ ನಿನ್ನಿ ಯಾಕ ಹೇಳಲಿಲ್ಲ?"

"ಎಣ್ಣಿ ಇಳೀಲಿ ಅಂದ್ರ ಯಾರೂ ಕಾಯಂಗಿಲ್ರಿ. ಅಮಾಸಿ ಅಂದ್ರ ಎಲ್ಲಾರೂ ಕಾಯತಾರ."

ನಿಜವಾದ ಕಾರಣ ಹೇಳಿದ್ದರೆ ನಾನು ಕಾಯುತ್ತಿದ್ದೆ ಎಂದೆ. ಈಗಲೂ ಹಾಗೇ ಹೇಳುತ್ತೇನೆ. ಮಿಸ್ತ್ರಿ ನನ್ನ ಮುಖ ನೋಡಿ, "ಖರೇನ ಕಾಯತಿದ್ರಿ?" ಎಂದಷ್ಟೇ ಕೇಳಿ ಕೆಲಸಕ್ಕೆ ಕೂತ. ಉಳಿದ ಮೂರು ಬೋಲ್ಟುಗಳು ಅವನು ಚಹಾ ಕುಡಿಯುವಷ್ಟರಲ್ಲಿ ಕೈಗೆ ಬಂದವು. ನಾನು ಮುರಿದಿದ್ದ ತುಂಡನ್ನು ಅವನು ಕೈ ಡ್ರಿಲ್ಲಿನಿಂದ ಕೊರೆದು ತೆಗೆದು, ಹೊಸ ಪ್ಯಾಕಿಂಗು ಕೂರಿಸಿ ಬಿಗಿಯುವ ಹೊತ್ತಿಗೆ ಬಿಸಿಲು ಇಳಿದಿತ್ತು.

ಯಾದಗಿರಿಯವರೆಗೆ ಒಂದು ಎಳೆ ಹೊಗೆಯೂ ಒಳಗೆ ಬರಲಿಲ್ಲ. ಸಾಹೇಬರು ಸುರಪುರದ ಕ್ಯಾಂಪಿಗೆ ಹೊರಟುಹೋಗಿದ್ದರು. ಗುಮಾಸ್ತ, "ಮುಂದಿನ ಸೋಮವಾರ ಬರ್ರಿ" ಎಂದ. ನಾನು ಗಂಟಲು ಸರಿಮಾಡಿಕೊಂಡೆ.

"ನೀ ಸುಮ್ಮನಿರು ತಮ್ಮಾ," ಎಂದ ಕಾಕಾ.

ಬರುವಾಗ ಶಹಾಪುರದ ದಾರಿಯಲ್ಲಿ ಮತ್ತೊಬ್ಬರ ಲಾರಿ ಹತ್ತಿಯ ಅಂಡಿಗೆ ಹೇರಿಕೊಂಡು ಎದುರಾಯಿತು. ನಮ್ಮದು ಖಾಲಿ. ಕಾಕಾ ರಸ್ತೆ ಬಿಟ್ಟು ಹೊಲದ ಬದುವಿಗೆ ಇಳಿಸಿ ಅದಕ್ಕೆ ದಾರಿ ಕೊಟ್ಟ.