ಹೂಂ ಅಂದವರಿಗೆ ವಂದನೆ

ಸಭೆಗಳಲ್ಲಿ ನನ್ನ ಪಾಲಿಗೆ ಬರುವ ಕೆಲಸ ಒಂದೇ, ವಂದನಾರ್ಪಣೆ. ಅಧ್ಯಕ್ಷನಾಗಲು ಹೊಟ್ಟೆಯಿಲ್ಲ, ಹಾಡಲು ಕಂಠವಿಲ್ಲ, ಹೀಗಾಗಿ ಊರವರು ತಮ್ಮೆಲ್ಲರ ಕೃತಜ್ಞತೆಯನ್ನು ಈ ಕನ್ನಡ ಸಾಲಿ ಮಾಸ್ತರನಿಗೆ ಒಪ್ಪಿಸಿಬಿಟ್ಟಿದ್ದಾರೆ. ನಾನು ಏಳುವ ಹೊತ್ತಿಗೆ ಜನ ಚಪ್ಪಲಿ ಹುಡುಕುತ್ತಿರುತ್ತಾರೆ. ನಮ್ಮ ಹಳೆಯ ಕವಿಗಳು ಜಾಣರು. ದೇವರು, ಗುರು, ಹಿಂದಿನ ಕವಿಗಳು, ಎಲ್ಲರಿಗೂ ಕಾವ್ಯದ ಮೊದಲಿಗೇ, ಕೇಳುವವರು ಎಚ್ಚರವಿದ್ದಾಗಲೇ ಕೈಮುಗಿದುಬಿಡುತ್ತಿದ್ದರು. ಅದನ್ನು ಕೊನೆಗೆ ತಳ್ಳಿದವರು ಯಾರೋ ನನಗಾಗದವರೇ ಇರಬೇಕು.

ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಮಾತು. ಶಿಗ್ಗಾಂವಿಯಲ್ಲಿ ಕಥೆ-ಹಾಡಿನ ಕೂಟವೊಂದನ್ನು ಸೇರಿಸಿದೆವು. ಹಾನಗಲ್ಲಿನಿಂದ ಬಯಲಾಟದವರು ಬಂದರು, ಹಿರೇಕೆರೂರ ಕಡೆಯಿಂದ ಡೊಳ್ಳಿನವರು, ನವಾಬರ ಸವಣೂರಿನಿಂದ ಲಾವಣಿ ಹೇಳುವ ಸಾಹೇಬರೊಬ್ಬರು. ಯಾರೋ ಚಪ್ಪರ ಹಾಕಿದರು, ಯಾರೋ ಜಮಖಾನೆ ಕೊಟ್ಟರು, ಯಾರ ಮನೆಯವರೋ ಬುಟ್ಟಿಗಟ್ಟಲೆ ರೊಟ್ಟಿ ಬಡಿದರು. ಎಲ್ಲರ ಹೆಸರೂ ನನ್ನ ಕೋಟಿನ ಕಿಸೆಯ ಚೀಟಿಯಲ್ಲಿದ್ದವು.

ಕೂಟಕ್ಕೆ ಕಳೆ ಕಟ್ಟಬೇಕಾಗಿದ್ದವಳು ಬಂಕಾಪುರದ ನೀಲವ್ವ. ಅರವತ್ತು ದಾಟಿದಾಕೆ. ಬೀಸುವ ಕಲ್ಲಿನ ಮುಂದೆ ಕೂತು ಕಥೆ ಹೇಳಿದವಳೇ ಹೊರತು ಸಭೆಯ ಅಟ್ಟ ಹತ್ತಿದವಳಲ್ಲ. ಮನೆಯವರು ಬೇಡವೆಂದರೂ ನನ್ನ ಒತ್ತಾಯಕ್ಕೆ ಒಪ್ಪಿ ಚಕ್ಕಡಿ ಹತ್ತಿ ಬಂದಿದ್ದಳು. ಕೇಳಿಕೊಂಡದ್ದು ಇಷ್ಟೇ:

"ನಾಕ ಮಂದ್ಯಾಗ ನನ್ನ ನಗಿಗೀಡು ಮಾಡಬ್ಯಾಡ್ರಿ, ಮಾಸ್ತರ."

ಆಕೆಯ ಮಾನ ಕಾಯುವ ಹುರುಪಿನಲ್ಲಿ ನಾನು ಸಭೆಗೆ ಸಾಲಿಯ ಶಿಸ್ತು ತಂದೆ. ನೀಲವ್ವ ಹೇಳುವಾಗ ಯಾರೂ ಪಿಟ್ಟೆನ್ನಬಾರದು ಎಂದು ತಾಕೀತು ಮಾಡಿದೆ. ಜನ ಅದನ್ನು ಪಾಲಿಸಿದ್ದೇ ಮೊದಲನೆಯ ಆಶ್ಚರ್ಯ.

"ಒಂದೂರಾಗ ಒಬ್ಬ ರಾಜ ಇದ್ದ" ಎಂದ ನೀಲವ್ವ ಅಲ್ಲಿಗೇ ನಿಂತಳು. ಸ್ವಲ್ಪ ತಡೆದು ಮತ್ತೆ ಅದನ್ನೇ ಹೇಳಿದಳು. ಮತ್ತೆ ನಿಂತಳು. ಕೂಸು ಕೂಡ ಅಳಲಿಲ್ಲ. ಆಕೆಯ ಕೈ ಸೆರಗನ್ನು ಹಿಂಡತೊಡಗಿತು. ಮುಂದಿನ ಸಾಲಿನ ಮಾಮಲೇದಾರರು ಗಡಿಯಾರ ತೆಗೆದು ನೋಡಿದರು. ಮುದುಕಿ ಕಥೆ ಮರೆತಳೆಂದುಕೊಂಡೆ.

ಆಮೇಲೆ ನಿಜ ಹೊಳೆಯಿತು. ಮರೆತವನು ನಾನು. ನಮ್ಮ ಕಡೆ ಹೂಂಗುಟ್ಟುವವರಿಲ್ಲದೆ ಕಥೆ ಮುಂದೆ ಸಾಗುವುದೇ ಇಲ್ಲ. ಮಾತಿಗೊಮ್ಮೆ ಯಾರಾದರೂ ಹೂಂ ಅನ್ನಬೇಕು, ಅನ್ನದಿದ್ದರೆ ಕೇಳುವವರು ಮಲಗಿದ್ದಾರೆ, ಇಲ್ಲವೆ ಅವರಿಗೆ ಕಥೆ ಬೇಡವಾಗಿದೆ. ಅವ್ವನ ತೊಡೆಯ ಮೇಲೆ ಕಲಿತದ್ದನ್ನು ನಾನು ಸಭ್ಯತೆಯ ಹೆಸರಿನಲ್ಲಿ ನಿಷೇಧಿಸಿದ್ದೆ. ಹೂಂ ಅನ್ನಲು ಬಾಯಿ ತೆರೆದೆ. ನಾನೇ ಮಾಡಿದ ತಾಕೀತು ನೆನಪಾಗಿ ಮುಚ್ಚಿಕೊಂಡೆ.

ಆಗ ಹೆಂಗಸರ ಗುಂಪಿನ ಹಿಂದಿನಿಂದ ಒಂದು "ಹೂಂ" ಬಂತು.

ಬಂಕಾಪುರದವರೆಲ್ಲ ತಿರುಗಿ ನೋಡಿ ದಂಗಾದರು. ನಾನಂತೂ ನನ್ನ ಕಿವಿಯನ್ನೇ ನಂಬಲಿಲ್ಲ. ಹೂಂ ಅಂದವಳು ಗಂಗವ್ವ, ನೀಲವ್ವನ ನೆಗೆಣ್ಣಿ, ಮೈದುನನ ಹೆಂಡತಿ. ಒಂದು ಕಾಲಕ್ಕೆ ಇಬ್ಬರೂ ಒಂದೇ ಕಲ್ಲಿಗೆ ಕೈಹಾಕಿ ಬೀಸಿದವರು, ನೀಲವ್ವನದು ಕಥೆ, ಗಂಗವ್ವನದು ಹೂಂ. ಮನೆ ಪಾಲಾದಾಗ ಆ ಕಲ್ಲು ಯಾರಿಗೆ ಎಂದು ಜಗಳ ಹತ್ತಿ ಹನ್ನೆರಡು ವರ್ಷದಿಂದ ಮಾತು ಬಿಟ್ಟಿದ್ದರು. ಮನೆಯಲ್ಲಿ ಮದುವೆಯಾದರೂ ಮಣ್ಣಾದರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ನೀಲವ್ವ ಈಗಲೂ ಆ ಕಡೆ ನೋಡಲಿಲ್ಲ. ಹಿಂಡುತ್ತಿದ್ದ ಸೆರಗನ್ನು ಬಿಟ್ಟು, "ಆ ರಾಜಗ ಇಬ್ಬರು ಸೊಸ್ತೇರು" ಎಂದಳು.

"ಹೂಂ."

ಕಥೆ ಹೊತ್ತು ಇಳಿಯುವತನಕ ಓಡಿತು. ಕೊನೆಕೊನೆಗೆ ಚಪ್ಪರಕ್ಕೆ ಚಪ್ಪರವೇ ಹೂಂಗುಟ್ಟುತ್ತಿತ್ತು, ಮಾಮಲೇದಾರರೂ ಸೇರಿ.

ವಂದನಾರ್ಪಣೆಗೆ ಎದ್ದು ಚೀಟಿ ಓದಿದೆ. ಅದರಲ್ಲಿಲ್ಲದ ಗಂಗವ್ವನ ಹೆಸರನ್ನು ಸಭೆಯಲ್ಲಿ ಹೇಳಿ ಹಳೆಯ ಜಗಳವನ್ನು ಕೆದಕುವ ಧೈರ್ಯವಾಗಲಿಲ್ಲ. ಆಮೇಲೆ ಚಕ್ಕಡಿ ಹೂಡುವಲ್ಲಿಗೆ ಹೋಗಿ ಆಕೆಗೆ ಕೈಮುಗಿದೆ. ಕೂಟದ ಮಾನ ಉಳಿಸಿದಿರಿ, ಅಂತೂ ಅಕ್ಕನ ಕೂಡ ಮಾತಾಡಿದಿರಲ್ಲ ಎಂದು ದೊಡ್ಡ ಬುದ್ಧಿವಂತನಂತೆ ಹೇಳಿದೆ. ಗಂಗವ್ವ ನನ್ನನ್ನು ದುರುಗುಟ್ಟಿ ನೋಡಿದಳು.

"ಯಾರ್ ಮಾತಾಡಿದ್ರೀ? ನಾ ಕಥಿಗೆ ಹೂಂ ಅಂದೇನ್ರಿ. ಆಕಿ ಕೂಡ ನಂದೇನ ಮಾತು?"

ಆಕೆ ಚಕ್ಕಡಿ ಹತ್ತಿ ಕೂತು, ನೀಲವ್ವನ ಬಂಡಿ ಮುಂದೆ ಹೋಗುವವರೆಗೂ ಅದನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಮತ್ತ ಆಕಿ ಕಡಿಂದ ಕಥಿ ಹೇಳಸ್ತೀರಿಲ್ರೀ?"

ಹೂಂ ಅಂದೆ. ನನ್ನ ಜೀವಮಾನದಲ್ಲಿ ನಾನು ಸರಿಯಾಗಿ ಮಾಡಿದ ವಂದನಾರ್ಪಣೆ ಅದೊಂದೇ.